ಗುರಿ ನಮ್ಮದು, ದಾರಿ ಯಾರದು?

ಫಲಿತಾಂಶದ ಹಂಗಾಮಿನಲ್ಲಿ ‘ಗುರಿ ಇರಲಿ, ಛಲ ಇರಲಿ’ ಎಂಬ ಉಪದೇಶಕ್ಕೆ ಬರವಿಲ್ಲ. ಆದರೆ ಯಾರ ಗುರಿಯೂ ಒಂಟಿಯಾಗಿ ಹುಟ್ಟುವುದಿಲ್ಲ. ಅದರ ಹಿಂದೆ ಶಾಲೆ ಕಟ್ಟಿದವರು, ಹಾಸ್ಟೆಲ್ ನಡೆಸಿದವರು, ಮುಚ್ಚಿದ ಬಾಗಿಲು ಬಡಿದವರು ಇದ್ದಾರೆ. ಆ ಚರಿತ್ರೆ ತಿಳಿಯದೆ ಇಟ್ಟುಕೊಂಡ ಗುರಿ ಅರ್ಧ ಗುರಿ.

ಗೌರಿಬಿದನೂರು ಬಳಿಯ ಹೊಸೂರಿನಿಂದ ಹದಿಹರೆಯದ ಹುಡುಗನೊಬ್ಬ ಬೆಂಗಳೂರಿನತ್ತ ಹೊರಟಿದ್ದಾನೆ. ಕಾಲ 1930ರ ದಶಕದ ನಡುಭಾಗ. ಬಸ್ಸಿಗೆ ಕೊಡಲು ಕೈಯಲ್ಲಿ ಕಾಸಿಲ್ಲ, ಹಾಗಾಗಿ ಕಾಲುನಡಿಗೆ. ಒಂದು ಹಗಲು ಪೂರ್ತಿ ನಡೆದರೂ ಪಟ್ಟಣ ಸಿಕ್ಕಿಲ್ಲ; ಮರುದಿನವೂ ನಡೆಯಬೇಕು. ಎಂಬತ್ತು ಕಿಲೋಮೀಟರಿನ ಆಸುಪಾಸಿನ ಆ ದಾರಿಯ ಕೊನೆಗಿರುವುದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು. ಊರ ಕಡೆ ಪಾಠ ಹೇಳಿ ಆ ಶಾಲೆಗೆ ಹೋಗಿದ್ದ ಮೇಷ್ಟ್ರೊಬ್ಬರ ಭರವಸೆಯೇ ಅವನ ಬುತ್ತಿ. ಮುಂದೆ ಅದೇ ಹುಡುಗ ಭೌತವಿಜ್ಞಾನ ಓದಿದ, 1942ರ ಚಳವಳಿಗೆ ಧುಮುಕಿ ಜೈಲು ಕಂಡ, ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ. ನಾಡು ಅವರನ್ನು ‘ಎಚ್ಚೆನ್’ ಎಂದು ಕರೆಯಿತು. ಅವರೇ ಡಾ. ಎಚ್. ನರಸಿಂಹಯ್ಯ.

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದು ‘ಮುಂದೇನು?’ ಎಂಬ ಪ್ರಶ್ನೆ ಮನೆಮನೆಯ ಜಗಲಿಗೆ ಬಂದು ಕೂರುವ ಈ ದಿನಗಳಲ್ಲಿ ಇಂಥ ಕಥೆಗಳು ಮತ್ತೆ ಮತ್ತೆ ಕೇಳುತ್ತವೆ. ಎಲ್ಲ ಕಥೆಗಳ ನೀತಿ ಒಂದೇ: ಛಲವೊಂದಿದ್ದರೆ ಏನನ್ನಾದರೂ ಸಾಧಿಸಬಹುದು. ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಆ ಎರಡು ದಿನಗಳ ನಡಿಗೆಯ ತುದಿಯಲ್ಲಿ ಬಡ ಹುಡುಗನನ್ನು ಸೇರಿಸಿಕೊಳ್ಳುವ ಶಾಲೆಯೊಂದು ಇರದಿದ್ದರೆ, ‘ನೀನು ಓದಬಲ್ಲೆ’ ಎಂದು ನಂಬಿದ ಮೇಷ್ಟ್ರು ಇರದಿದ್ದರೆ, ಅಷ್ಟೂ ಛಲ ಹೊಸೂರಿನ ಹೊಲದ ಬದುವಿನಲ್ಲೇ ಮುಗಿಯುತ್ತಿತ್ತು. ನಡೆದವನ ಹೆಸರು ನಮಗೆ ಗೊತ್ತು. ನಡೆಯಲು ಅರ್ಥ ಕೊಟ್ಟ ಶಾಲೆಯ ಚರಿತ್ರೆ ಗೊತ್ತಿಲ್ಲ. ಗುರಿಯ ಬಗ್ಗೆ ಯೋಚಿಸುವ ಪ್ರತಿ ವಿದ್ಯಾರ್ಥಿಯೂ ತನ್ನ ಶಿಕ್ಷಣದ ಚರಿತ್ರೆಯನ್ನು ತಿಳಿದುಕೊಳ್ಳಬೇಕು ಎಂಬುದು ಈ ಬರಹದ ವಾದ. ಪರೀಕ್ಷೆಯಲ್ಲಿ ಅಂಕ ಗಳಿಸಲು ಅಲ್ಲ. ತನ್ನ ಗುರಿ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು ಎಂದು ಅರಿಯಲು.

ಬಾಗಿಲು ಇದ್ದಷ್ಟೇ ಗುರಿ

ಛಲ ಒಂದೇ ಸಾಕು ಎನ್ನುವವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1933ರಲ್ಲಿ ನಡೆದದ್ದನ್ನು ನೋಡಬೇಕು. ಮುಂಬೈ ವಿಶ್ವವಿದ್ಯಾಲಯದ ಪದವಿ ಪರೀಕ್ಷೆಯಲ್ಲಿ ಮೊದಲಿಗಳಾಗಿ ಬಂದ ಕಮಲಾ ಭಾಗವತ್ ಸಂಶೋಧನೆಗೆ ಅರ್ಜಿ ಹಾಕಿದರು. ಸಂಸ್ಥೆಯ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ಸಿ.ವಿ. ರಾಮನ್. ಹೆಣ್ಣು ಎಂಬ ಕಾರಣಕ್ಕೆ ಅವರು ಪ್ರವೇಶ ನಿರಾಕರಿಸಿದರು. ಕಮಲಾ ಹಟ ಬಿಡಲಿಲ್ಲ. ಕೊನೆಗೆ ಷರತ್ತಿನ ಮೇಲೆ, ಒಂದು ವರ್ಷ ಪರೀಕ್ಷಾರ್ಥವಾಗಿ, ಸೇರಿಸಿಕೊಂಡರು. ಅವರ ಕೆಲಸ ನೋಡಿದ ಮೇಲೆ ಮಹಿಳೆಯರಿಗೆ ಬಾಗಿಲು ತೆರೆಯಿತು. ಅವರು ಕೇಂಬ್ರಿಜ್‌ನಲ್ಲಿ 1939ರಲ್ಲಿ ಪಿಎಚ್.ಡಿ. ಪಡೆದು, ಮದುವೆಯ ನಂತರ ಕಮಲಾ ಸೊಹೊನಿ ಎಂದು ಹೆಸರಾದರು. ಇದನ್ನು ಛಲದ ಗೆಲುವು ಎನ್ನಬಹುದು, ಸರಿ. ಆದರೆ ಅದೇ ಅಂಕ, ಅದೇ ಆಸೆ ಇದ್ದ ಗಂಡು ವಿದ್ಯಾರ್ಥಿಗೆ ಆ ಹಟವೇ ಬೇಕಿರಲಿಲ್ಲ. ಒಬ್ಬರಿಗೆ ಅರ್ಜಿ ಸಾಕಾಗಿ ಮತ್ತೊಬ್ಬರಿಗೆ ಸತ್ಯಾಗ್ರಹ ಬೇಕಾದರೆ, ಆ ವ್ಯತ್ಯಾಸ ಮಾಡಿದ್ದು ವ್ಯಕ್ತಿಯ ಸ್ವಭಾವವಲ್ಲ, ಚರಿತ್ರೆ.

ಅಣ್ಣಾ ಮಣಿ ಅವರ ಬದುಕು ಇನ್ನೂ ಸೂಕ್ಷ್ಮವಾದ ಪಾಠ ಹೇಳುತ್ತದೆ. ರಾಮನ್ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯದ ಬೆಳಕಿನ ಗುಣಗಳನ್ನು ಅಧ್ಯಯನ ಮಾಡಿ ಐದು ಪ್ರಬಂಧ ಬರೆದರೂ, ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ. ಭೌತವಿಜ್ಞಾನದ ಸಂಶೋಧನೆಯ ಕನಸು ಹೊತ್ತು 1945ರಲ್ಲಿ ಲಂಡನ್ನಿಗೆ ಹೋದಾಗ ಅವರಿಗೆ ದಕ್ಕಿದ್ದು ಹವಾಮಾನ ಉಪಕರಣಗಳ ತರಬೇತಿ ಮಾತ್ರ. ಅದನ್ನೇ ಕಲಿತು ಬಂದರು, ಭಾರತದ ಹವಾಮಾನ ಇಲಾಖೆಯಲ್ಲಿ ಉಪಕರಣಗಳ ದೇಶೀಯ ತಯಾರಿಕೆಗೆ ತಳಪಾಯ ಹಾಕಿದರು. ಇಂದು ಸೌರಶಕ್ತಿ, ಪವನಶಕ್ತಿಯ ಮಾತಾಡುವಾಗ ಅವರು ಅಳೆದು ದಾಖಲಿಸಿದ ಮಾಹಿತಿಯ ಋಣ ದೇಶದ ಮೇಲಿದೆ. ಅವರ ಗುರಿಯನ್ನು ತಿದ್ದಿದ್ದು ಮನಸ್ಸಿನ ಒಲವಿಗಿಂತ ಹೆಚ್ಚಾಗಿ ಆ ವರ್ಷ ತೆರೆದಿದ್ದ ಅವಕಾಶ. ‘ನಿನಗೆ ಏನಾಗಬೇಕು?’ ಎಂದು ಮಕ್ಕಳನ್ನು ಕೇಳುವ ಮುನ್ನ ‘ಏನೇನಾಗಲು ದಾರಿಯಿದೆ?’ ಎಂಬುದನ್ನು ಸಮಾಜ ತನ್ನನ್ನೇ ಕೇಳಿಕೊಳ್ಳಬೇಕು.

ಚೌಕಟ್ಟು: ಅಕ್ಷರದ ಹಾದಿಯ ಮೈಲಿಗಲ್ಲು

• 1881: ಮೈಸೂರಿನಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆಯ ಆರಂಭ.
• 1911: ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕಾಗಿ ಕೇಂದ್ರ ಶಾಸನಸಭೆಯಲ್ಲಿ ಗೋಪಾಲಕೃಷ್ಣ ಗೋಖಲೆ ಅವರ ಮಸೂದೆ. ಮರುವರ್ಷ ಅದಕ್ಕೆ ಸೋಲು.
• 1913: ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣ ಕಾಯ್ದೆ.
• 1916: ಜುಲೈನಲ್ಲಿ ಮೈಸೂರು ವಿಶ್ವವಿದ್ಯಾಲಯ, ನವೆಂಬರಿನಲ್ಲಿ ಬೆಳಗಾವಿಯ ಕೆಎಲ್‌ಇ ಸಂಸ್ಥೆ.
• 2010: ಶಿಕ್ಷಣ ಹಕ್ಕು ಕಾಯ್ದೆ ಏಪ್ರಿಲ್ 1ರಿಂದ ಜಾರಿ. ಗೋಖಲೆ ಅವರ ಮಸೂದೆಗೂ ಇದಕ್ಕೂ ನಡುವೆ 99 ವರ್ಷ.

ಇನ್ನೊಬ್ಬರ ಮಗುವಿಗಾಗಿ ಕಂಡ ಕನಸು

‘ಏನೇನಾಗಲು ದಾರಿಯಿದೆ?’ ಎಂಬ ಪ್ರಶ್ನೆಯನ್ನು ಬಹಳ ಹಿಂದೆಯೇ ಕೇಳಿಕೊಂಡವರು ನಮ್ಮ ನಾಡಿನಲ್ಲಿದ್ದರು. ಮಂಗಳೂರಿನ ವಕೀಲ ಕುದ್ಮುಲ್ ರಂಗರಾವ್ 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದ ಅವರಿಗೆ ಸ್ವಂತ ಸಮುದಾಯ ಬಹಿಷ್ಕಾರ ಹಾಕಿತು. ಅವರ ಸಮಾಧಿಯ ಮೇಲೆ ಅವರ ಆಸೆಯನ್ನು ಕೆತ್ತಲಾಗಿದೆ: ತನ್ನ ಶಾಲೆಯಲ್ಲಿ ಕಲಿತ ಮಕ್ಕಳು ದೊಡ್ಡ ನೌಕರಿ ಹಿಡಿದು ಕಾರಿನಲ್ಲಿ ಓಡಾಡಬೇಕು, ಆ ಕಾರು ಎಬ್ಬಿಸಿದ ಧೂಳು ತನ್ನ ತಲೆಗೆ ತಾಗಬೇಕು, ಆಗಲೇ ಜನ್ಮ ಸಾರ್ಥಕ ಎಂಬುದು ಅದರ ಸಾರ. ಆ ಕಾಲದ ಮಂಗಳೂರನ್ನು ಒಮ್ಮೆ ನೆನೆಯಿರಿ. ಶಾಲೆಯ ಹೊಸ್ತಿಲನ್ನೇ ದಾಟಗೊಡದ ಮಕ್ಕಳವು. ತಾವು ಅಧಿಕಾರಿಗಳಾಗಬೇಕೆಂಬ ಕಲ್ಪನೆ ಆ ಮಕ್ಕಳಿಗೆ ಬರುವ ಮೊದಲೇ, ಅವರಿಗಾಗಿ ಬೇರೊಬ್ಬರು ಆ ಕನಸು ಕಂಡಿದ್ದರು. ಮಗುವಿನ ಗುರಿ ಮಗುವಿಗಿಂತ ಮೊದಲೇ ಹುಟ್ಟಿತ್ತು. ಇದು ಅತಿಶಯೋಕ್ತಿಯಲ್ಲ, ಕಲ್ಲಿನ ಮೇಲೆ ಇಂದಿಗೂ ಓದಲು ಸಿಗುವ ಸಾಕ್ಷ್ಯ.

ಹೀಗೆ ಒಬ್ಬರಿಂದ ಒಬ್ಬರಿಗೆ ದಾಟಿದ ಋಣದ ಸರಪಳಿಯನ್ನು ತುಮಕೂರಿನಲ್ಲಿ ಇನ್ನಷ್ಟು ಸ್ಪಷ್ಟವಾಗಿ ಕಾಣಬಹುದು. ಬೆಂಗಳೂರಿನ ವ್ಯಾಪಾರಿ ಗುಬ್ಬಿ ತೋಟದಪ್ಪ ತಮ್ಮ ದುಡಿಮೆಯನ್ನು ಧರ್ಮಸಂಸ್ಥೆಗೆ ಕೊಟ್ಟರು. ರೈಲು ನಿಲ್ದಾಣದ ಬಳಿಯ ಅವರ ಛತ್ರದ ಜೊತೆಗೆ ಬಡ ವಿದ್ಯಾರ್ಥಿಗಳಿಗೆ ಉಚಿತ ನಿಲಯವೂ ನಡೆಯಿತು. ಸೆಂಟ್ರಲ್ ಕಾಲೇಜಿನಲ್ಲಿ ಓದಲು ಬಂದ ವೀರಾಪುರದ ತರುಣನೊಬ್ಬ ಅಲ್ಲಿ ಉಳಿದುಕೊಂಡ. ಅವರೇ ಮುಂದೆ ಸಿದ್ಧಗಂಗಾ ಮಠದ ಡಾ. ಶಿವಕುಮಾರ ಸ್ವಾಮೀಜಿ. ಅವರು 1941ರಲ್ಲಿ ಮಠದ ಹೊಣೆ ಹೊತ್ತರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾಗುವ ಹೊತ್ತಿಗೆ ಅಲ್ಲಿ ಜಾತಿ, ಮತ ಕೇಳದೆ ಸುಮಾರು ಹತ್ತು ಸಾವಿರ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ದೊರೆಯುತ್ತಿತ್ತು. ಸಂಜೆಯ ಪ್ರಾರ್ಥನೆಗೆ ಬಯಲಿನಲ್ಲಿ ಸಾಲಾಗಿ ಕೂರುವ ಹುಡುಗರ ಎದುರು ತಟ್ಟೆ ಲೋಟ ಹಿಡಿದು ಓಡುವ ಊಟದ ಹೊತ್ತೂ ಕಾದಿರುತ್ತದೆ. ಆ ತಟ್ಟೆಗೆ ಬೀಳುವ ಮುದ್ದೆಯ ಹಿಂದೆ ಕಣದಿಂದ ರಾಗಿ ತಂದು ಸುರಿದ ರೈತರಿದ್ದಾರೆ. ಒಬ್ಬ ವ್ಯಾಪಾರಿಯ ನಿಲಯದಲ್ಲಿ ಉಂಡ ಒಬ್ಬ ವಿದ್ಯಾರ್ಥಿ ಸಾವಿರಾರು ಮಕ್ಕಳಿಗೆ ಉಣಿಸಿದರು. ಇಂಥ ಲೆಕ್ಕವನ್ನು ಯಾವ ವೃತ್ತಿ ಮಾರ್ಗದರ್ಶನ ಶಿಬಿರವೂ ಮಕ್ಕಳ ಮುಂದಿಡುವುದಿಲ್ಲ.

ನರಸಿಂಹಯ್ಯನವರ ಕಥೆಯ ಉಳಿದರ್ಧವೂ ಇಲ್ಲೇ ಸೇರಬೇಕು. ಅಮೆರಿಕದಿಂದ ಮರಳಿದ ಅವರು ದೊಡ್ಡ ಸಂಬಳದ ಬೆನ್ನು ಹತ್ತಲಿಲ್ಲ. ಬಸವನಗುಡಿಯ ಕಾಲೇಜು ಹಾಸ್ಟೆಲಿನ ಕೋಣೆಯಲ್ಲೇ ಬದುಕಿದರು, ಖಾದಿ ಬಿಡಲಿಲ್ಲ. ಅವರು ಮುನ್ನಡೆಸಿದ ಶಿಕ್ಷಣ ಸಂಸ್ಥೆ ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ಕಾಲೇಜು ತೆರೆಯಿತು. ಅಂದರೆ ತಾವು ಕಾಲುನಡಿಗೆಯಲ್ಲಿ ಹುಡುಕಿಕೊಂಡು ಹೋದದ್ದನ್ನು ತಮ್ಮ ಸೀಮೆಗೇ ತಂದರು. ಆ ಎರಡು ದಿನಗಳ ನಡಿಗೆಯನ್ನು ಸಾಹಸವೆಂದು ಕೊಂಡಾಡುವುದು ಸುಲಭ. ಮುಂದಿನ ಯಾವ ಮಗುವಿಗೂ ಆ ಸಾಹಸ ಬೇಕಾಗಬಾರದು ಎಂದು ದುಡಿಯುವುದು ಕಷ್ಟ. ಎಚ್ಚೆನ್ ಆರಿಸಿಕೊಂಡದ್ದು ಕಷ್ಟದ್ದನ್ನು.

ಪ್ರತಿಭೆಯೂ ಪಾಲೂ

ಇಷ್ಟು ಹೇಳಿದಾಗ ಮೊದಲ ಆಕ್ಷೇಪ ಎದ್ದೇಳುತ್ತದೆ: ಎಲ್ಲವನ್ನೂ ಚರಿತ್ರೆಯ ಲೆಕ್ಕಕ್ಕೆ ಬರೆದರೆ ಸ್ವಂತ ಶ್ರಮಕ್ಕೆ ಬೆಲೆಯೇನು? ಅವಕಾಶ ಕೊಟ್ಟರೂ ಓದದವರಿಲ್ಲವೇ? ಖಂಡಿತ ಇದ್ದಾರೆ. ಶ್ರಮಕ್ಕೆ ಬದಲಿಯಿಲ್ಲ. ಆದರೆ ಶ್ರಮದ ಮೂರ್ತಿಯೆಂದೇ ನಾಡು ಗೌರವಿಸುವ ವಿಶ್ವೇಶ್ವರಯ್ಯನವರನ್ನೇ ನೋಡೋಣ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು, ಮಕ್ಕಳಿಗೆ ಮನೆಪಾಠ ಹೇಳಿ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಮುದ್ದೇನಹಳ್ಳಿಯ ಆ ತರುಣ ಎಂಜಿನಿಯರಿಂಗ್ ಕಲಿಯಲು ಪುಣೆಗೆ ಹೋದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. ರೈತರ ಕಂದಾಯದಿಂದ ತುಂಬಿದ ಬೊಕ್ಕಸವದು. ಆ ಹಣ ಅವರ ಪ್ರತಿಭೆಯನ್ನು ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಅದು ಬೆಳಕಿಗೆ ಬರುವಂತೆ ಮಾಡಿತು. ಬೀಜ ಒಳ್ಳೆಯದಿದ್ದರೆ ಸಾಕು, ನೆಲ ನೀರು ಬೇಡ ಎಂದು ಯಾವ ರೈತನೂ ಹೇಳುವುದಿಲ್ಲ.

ಅದೇ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ವರ್ಷ ಮೈಸೂರು ಇನ್ನೊಂದು ದೊಡ್ಡ ಪ್ರಶ್ನೆಯನ್ನು ಎದುರಿಸಿತು. ಸರ್ಕಾರಿ ಹುದ್ದೆಗಳು ಒಂದೇ ಸಮುದಾಯದ ಕೈಯಲ್ಲಿ ಸೇರಿಕೊಂಡಿವೆ ಎಂಬ ದೂರು ಬಲವಾದಾಗ, 1918ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷಗಳಲ್ಲಿ ಮೇಲಿನ ಹುದ್ದೆಗಳ ಅರ್ಧ, ಕೆಳಹಂತದ ಹುದ್ದೆಗಳ ಮೂರರಲ್ಲಿ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕೆಂದು ಸಮಿತಿ ಹೇಳಿತು. ಅರ್ಹತೆಗೆ ಧಕ್ಕೆಯಾದೀತೆಂಬ ಆತಂಕದಿಂದ ಈ ನೀತಿಯನ್ನು ಒಪ್ಪದ ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟರು. ಮೈಸೂರು ವಿಶ್ವವಿದ್ಯಾಲಯ ಕಟ್ಟಿದ ದಿವಾನರ ದೂರದೃಷ್ಟಿಯೂ ದೊಡ್ಡದು, ಅದರ ಬಾಗಿಲು ಎಲ್ಲರಿಗೂ ತೆರೆಯಬೇಕೆಂದ ಮಹಾರಾಜರ ನ್ಯಾಯಪ್ರಜ್ಞೆಯೂ ದೊಡ್ಡದು. ಒಂದನ್ನು ಒಪ್ಪಲು ಇನ್ನೊಂದನ್ನು ತಳ್ಳಬೇಕಾಗಿಲ್ಲ. ಮೀಸಲಾತಿಯ ಬಗ್ಗೆ ಕಾಲೇಜು ಕ್ಯಾಂಟೀನಿನಲ್ಲಿ ಬಿಸಿಯಾಗಿ ವಾದಿಸುವ ನಮ್ಮ ತಲೆಮಾರಿನ ಎಷ್ಟು ಜನರಿಗೆ ಈ ವಾದ ನೂರು ವರ್ಷ ಹಿಂದೆಯೇ, ನಮ್ಮದೇ ನೆಲದಲ್ಲಿ, ಇಷ್ಟು ಗಂಭೀರವಾಗಿ ನಡೆದಿತ್ತೆಂಬುದು ತಿಳಿದಿದೆ?

ಶ್ರಮದ ಜೊತೆ ಅವಕಾಶವೂ ಬೇಕೆಂಬ ಮಾತನ್ನು ಅಂಕಿಗಳೂ ಹೇಳುತ್ತವೆ. ದೇವರಾಜ ಅರಸು ಸರ್ಕಾರ ನೇಮಿಸಿದ ಎಲ್.ಜಿ. ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ಶೈಕ್ಷಣಿಕ ಹಿಂದುಳಿದಿರುವಿಕೆಯನ್ನು ಅಳೆಯಲು ಅದು ಬಳಸಿದ್ದು 1972ರ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು. ಆ ವರ್ಷ ರಾಜ್ಯದಲ್ಲಿ ಸಾವಿರ ಜನಸಂಖ್ಯೆಗೆ ತೇರ್ಗಡೆಯಾದವರ ಸರಾಸರಿ 1.69. ಅಂದರೆ ಸಾವಿರ ಜನರಿರುವ ಹಳ್ಳಿಗೆ ಇಬ್ಬರೂ ಇಲ್ಲ. ಎಷ್ಟೋ ಸಮುದಾಯಗಳಲ್ಲಿ ಅಷ್ಟೂ ಇರಲಿಲ್ಲ. ಇಂದು ಎಸ್ಸೆಸ್ಸೆಲ್ಸಿ ಪಾಸಾಗುವುದು ದೊಡ್ಡ ಸಂಗತಿಯೇ ಅಲ್ಲ ಎಂಬಂತೆ ಮಾತಾಡುತ್ತೇವೆ. ಅಜ್ಜ ಅಜ್ಜಿಯರ ಕಾಲದಲ್ಲಿ ಅದು ಇಡೀ ಊರಿಗೆ ಸುದ್ದಿಯಾಗುವ ಸಂಗತಿಯಾಗಿತ್ತು. ಆ ಪೀಳಿಗೆಯಲ್ಲಿ ಛಲವಂತರು ಕಡಿಮೆ ಇದ್ದರೆಂದು ಯಾರೂ ಹೇಳಲಾರರು. ಅವರಿಗೆ ಕಡಿಮೆ ಇದ್ದದ್ದು ಶಾಲೆ, ಹಾಸ್ಟೆಲು, ಹೊಟ್ಟೆಗೆ ಹಿಟ್ಟು.

ಚೌಕಟ್ಟು: ಬದಲಾದ ಅಂಕಿ, ಬದಲಾಯಿಸಿದ ನೆರವು

• 1951ರಲ್ಲಿ ದೇಶದ ಸಾಕ್ಷರತೆ ಶೇ 18.33; ಮಹಿಳೆಯರಲ್ಲಿ ಶೇ 8.86.
• 2011ರಲ್ಲಿ ಕರ್ನಾಟಕದ ಸಾಕ್ಷರತೆ ಶೇ 75.36, ಮಹಿಳೆಯರಲ್ಲಿ ಶೇ 68.08.
• ಶಾಲೆಯ ಬಿಸಿಯೂಟ ‘ಅಕ್ಷರ ದಾಸೋಹ’ 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಿಂದ ಆರಂಭವಾಗಿ ಉಳಿದೆಡೆಗೆ ಹರಡಿತು.
• ಹಾಸ್ಟೆಲಿನಲ್ಲಿ ಜಾಗ ಸಿಗದ ವಿದ್ಯಾರ್ಥಿಗಳಿಗೆ ತಿಂಗಳಿಗೆ 1,500 ರೂಪಾಯಿ ನೆರವಿನ ‘ವಿದ್ಯಾಸಿರಿ’ 2013–14ರಲ್ಲಿ ಬಂತು.

ಸಂಬಳದ ಆಸೆ ತಪ್ಪೇ?

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಸಾಲ ಮಾಡಿ ಓದಿಸಿದ ತಂದೆ ತಾಯಿಯ ಮಗುವಿಗೆ ಬೇಕಿರುವುದು ಕೆಲಸ, ಸಂಬಳ, ಒಂದು ಸ್ವಂತ ಸೂರು. ಅಂಥ ಮಗುವಿನ ತಲೆಯ ಮೇಲೆ ಸಮಾಜದ ಋಣ ಎಂಬ ಹೊರೆ ಹೇರುವುದು ನ್ಯಾಯವೇ? ಹೊಟ್ಟೆ ತುಂಬಿದವರು ಹಸಿದವರಿಗೆ ತ್ಯಾಗ ಬೋಧಿಸಿದಂತೆ ಆಗುವುದಿಲ್ಲವೇ? ಈ ಪ್ರಶ್ನೆಯನ್ನು ಗೌರವದಿಂದ ಕೇಳಿಸಿಕೊಳ್ಳಬೇಕು. ಉತ್ತರವನ್ನು ಕುದ್ಮುಲ್ ರಂಗರಾವ್ ಅವರೇ ಕೊಟ್ಟಿದ್ದಾರೆ. ಅವರು ತಮ್ಮ ವಿದ್ಯಾರ್ಥಿಗಳಿಂದ ಸನ್ಯಾಸವನ್ನು ಬಯಸಲಿಲ್ಲ; ನೌಕರಿಯನ್ನು, ಕಾರನ್ನು ಬಯಸಿದರು. ತಲೆತಲಾಂತರದಿಂದ ಏನೂ ಇಲ್ಲದ ಮನೆಯ ಮಗು ಸಂಬಳ ಎಣಿಸುವುದೂ ಚರಿತ್ರೆಯ ತಿರುವೇ. ಮೊದಲ ತಲೆಮಾರಿನ ಪದವೀಧರೆಯೊಬ್ಬಳು ಬ್ಯಾಂಕಿನ ಕೌಂಟರಿನಲ್ಲಿ ಕುಳಿತಾಗಲೇ ಅವಳ ಬೀದಿಯ ಹತ್ತು ಹುಡುಗಿಯರಿಗೆ ಹೊಸ ಗುರಿ ಕಾಣಿಸುತ್ತದೆ. ಋಣ ತೀರಿಸಲು ಬಡವಾಗಿ ಉಳಿಯಬೇಕಿಲ್ಲ. ಮೇಲೆ ಹತ್ತಿದ ಮೇಲೆ ‘ನಾನು ಯಾರ ಹಂಗಿಲ್ಲದೆ ಬಂದೆ’ ಎನ್ನದಿದ್ದರೆ, ಉಳಿದವರ ಹಾಸ್ಟೆಲು, ವಿದ್ಯಾರ್ಥಿವೇತನಕ್ಕೆ ಅಡ್ಡಗಾಲು ಹಾಕದಿದ್ದರೆ, ಮೊದಲ ಕಂತು ಸಂದಂತೆಯೇ.

ಮೂರನೆಯ ಆಕ್ಷೇಪ ಚರಿತ್ರೆಯ ಬಗ್ಗೆಯೇ ಇದೆ. ಇಪ್ಪತ್ತನೇ ಶತಮಾನದ ಆದಿಯ ಬಹುತೇಕ ವಿದ್ಯಾರ್ಥಿ ನಿಲಯಗಳು ಜಾತಿ ಸಂಘಗಳ ನೆರಳಿನಲ್ಲಿ ಬೆಳೆದವು. ವೀರಶೈವ ಮಹಾಸಭಾ 1904ರಲ್ಲಿ, ಒಕ್ಕಲಿಗರ ಸಂಘ 1906ರಲ್ಲಿ ಹುಟ್ಟಿದವು. ಉಳಿದ ಸಮುದಾಯಗಳೂ ತಮ್ಮ ತಮ್ಮ ಹುಡುಗರಿಗೆ ನಿಲಯ ಕಟ್ಟಿಕೊಂಡವು. ಹಾಗಿದ್ದಮೇಲೆ ಆ ಚರಿತ್ರೆಯನ್ನು ಕೆದಕಿದರೆ ಬೆಳೆಯುವುದು ಜಾತಿಯ ಹಮ್ಮು ತಾನೇ? ಅರ್ಧ ಚರಿತ್ರೆ ಹೇಳಿದರೆ ಖಂಡಿತ ಹಾಗೇ ಆಗುತ್ತದೆ. ನಮ್ಮವರು ಕಟ್ಟಿದರು ಎಂಬುದರ ಜೊತೆಗೆ, ಯಾರಿಗೆ ಅಲ್ಲಿ ತಟ್ಟೆ ಹಾಕಲಿಲ್ಲ ಎಂಬುದನ್ನೂ ಹೇಳಬೇಕು. ಕಟ್ಟಲು ಜಮೀನೂ ಹಣವೂ ಇಲ್ಲದ ಸಮುದಾಯಗಳ ಮಕ್ಕಳು ಸರ್ಕಾರಿ ಹಾಸ್ಟೆಲುಗಳಿಗೆ ಕಾಯಬೇಕಾಯಿತು. ಬೆಂಗಳೂರಿನ ಹಾಸ್ಟೆಲಿನಲ್ಲಿ ಬೆಳೆದ ಕವಿ ಸಿದ್ಧಲಿಂಗಯ್ಯ ತಮ್ಮ ಆತ್ಮಕಥೆ ‘ಊರುಕೇರಿ’ಯಲ್ಲಿ ಆ ಬದುಕನ್ನು ದಾಖಲಿಸಿದ್ದಾರೆ. ಹಸಿವು, ಗೆಳೆತನ, ಓದಿನ ಹುಚ್ಚು ಎಲ್ಲ ಒಟ್ಟಿಗೆ ಬೆಳೆದ ಜಾಗವದು. ಕನ್ನಡ ಸಾಹಿತ್ಯದ ದಲಿತ ದನಿಗೆ ಅಂಥ ಹಾಸ್ಟೆಲುಗಳ ಉಪಕಾರ ಸಣ್ಣದಲ್ಲ. ಪೂರ್ತಿ ಚರಿತ್ರೆ ಗೊತ್ತಿದ್ದವರಿಗೆ ಹೆಮ್ಮೆಯ ಜೊತೆ ಹೊಣೆಯೂ ಬರುತ್ತದೆ.

ಶಾಲೆಯ ರಿಜಿಸ್ಟರಿನಿಂದ ಆರಂಭವಾಗಲಿ

ಹಾಗಾದರೆ ಮಾಡಬೇಕಾದ್ದೇನು? ಪಠ್ಯಕ್ಕೆ ಇನ್ನೊಂದು ಅಧ್ಯಾಯ ಸೇರಿಸಿದರೆ ಅದೂ ಎರಡು ಅಂಕದ ಪ್ರಶ್ನೆಯಾಗಿ ಮುಗಿಯುತ್ತದೆ. ಅದರ ಬದಲು ಪ್ರತಿ ಪ್ರೌಢಶಾಲೆಯ ಒಂಬತ್ತನೇ ತರಗತಿ ವರ್ಷಕ್ಕೊಮ್ಮೆ ತನ್ನದೇ ಶಾಲೆಯ ಚರಿತ್ರೆ ಬರೆಯಲಿ. ಶತಮಾನ ಕಂಡ ಸರ್ಕಾರಿ ಶಾಲೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಬೀರುವಿನಲ್ಲಿ ಧೂಳು ಹಿಡಿದ ಹಳೆಯ ದಾಖಲಾತಿ ಪುಸ್ತಕವೇ ಅದಕ್ಕೆ ಮೊದಲ ಆಕರ. ಶಾಲೆಗೆ ಜಾಗ ಬಿಟ್ಟುಕೊಟ್ಟವರು ಯಾರು? ಮೊದಲ ಹುಡುಗಿ ಸೇರಿದ್ದು ಯಾವ ವರ್ಷ? ಊರಿನ ಕೇರಿಯಿಂದ ಮೊದಲ ಮಗು ಬಂದದ್ದು ಯಾವಾಗ, ಅದು ಎಷ್ಟನೇ ತರಗತಿಯವರೆಗೆ ಓದಿತು, ಏಕೆ ಬಿಟ್ಟಿತು? ದಿನಾಂಕ, ತಂದೆಯ ಕಸುಬು, ಶಾಲೆ ಬಿಟ್ಟ ಕಾರಣ ಎಂಬ ಆ ಪುಟದ ಅಂಕಣಗಳನ್ನು ಒಮ್ಮೆ ಓದಿದ ವಿದ್ಯಾರ್ಥಿಗೆ ತಾರೀಖುಗಳ ಪಟ್ಟಿಯಾಗಿದ್ದ ಇತಿಹಾಸ ಮನುಷ್ಯರ ಬದುಕಾಗಿ ಕಾಣಲು ತೊಡಗುತ್ತದೆ. ಹೆಸರುಗಳ ಗೌಪ್ಯ ಕಾಯ್ದುಕೊಂಡೇ ಈ ಕೆಲಸ ಮಾಡಬಹುದು; ಖರ್ಚು ಇಲ್ಲವೇ ಇಲ್ಲ.

ಹೀಗೆ ಬರೆದ ಚರಿತ್ರೆಯನ್ನು ಕೈಯಲ್ಲಿ ಹಿಡಿದು ಗುರಿಯ ಮಾತಾಡಿದರೆ ಪ್ರಶ್ನೆಯ ರೂಪವೇ ಬದಲಾಗುತ್ತದೆ. ‘ನಾನು ಏನಾಗಬೇಕು?’ ಎಂಬುದರ ಪಕ್ಕಕ್ಕೆ ‘ನಾನು ಆಗಿಬಂದ ಮೇಲೆ ಯಾರಿಗೆ ದಾರಿ ಸುಲಭವಾಗುತ್ತದೆ?’ ಎಂಬ ಪ್ರಶ್ನೆ ಬಂದು ನಿಲ್ಲುತ್ತದೆ. ವೈದ್ಯರಾಗಲಿ, ಪ್ಲಂಬರ್ ಆಗಲಿ, ಶಿಕ್ಷಕಿಯಾಗಲಿ, ಸಾಫ್ಟ್‌ವೇರ್ ಎಂಜಿನಿಯರ್ ಆಗಲಿ, ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವ ಅವಕಾಶ ಎಲ್ಲ ವೃತ್ತಿಯಲ್ಲೂ ಇದೆ. ಈ ಜೂನ್‌ನಲ್ಲಿ ಹೊಸ ಕಾಲೇಜಿನ ಅರ್ಜಿ ತುಂಬುವ ಪ್ರತಿಯೊಬ್ಬರೂ ಅರ್ಜಿಯ ಜೊತೆಗೆ ಒಂದು ಕೆಲಸ ಇಟ್ಟುಕೊಳ್ಳಲಿ: ತಾವು ಓದಿ ಬಂದ ಶಾಲೆಗೆ ಹೋಗಿ, ಹಾಸ್ಟೆಲ್ ಅರ್ಜಿ, ವಿದ್ಯಾರ್ಥಿವೇತನದ ಕೊನೆಯ ದಿನಾಂಕ, ಬೇಕಾದ ಪ್ರಮಾಣಪತ್ರಗಳ ಪಟ್ಟಿಯನ್ನು ಮುಂದಿನ ತರಗತಿಯವರಿಗೆ ತಿಳಿಸಿ ಬರಲಿ. ಮಾಹಿತಿಯಿಲ್ಲದೆ ಓದು ನಿಲ್ಲಿಸಲಿದ್ದ ಒಂದು ಮಗು ಇದರಿಂದ ಕಾಲೇಜು ಸೇರಿದರೂ, ಹೇಳಿ ಬಂದವರ ಹೆಸರು ಈ ನಾಡಿನ ಶಿಕ್ಷಣದ ಚರಿತ್ರೆಗೆ ಸೇರಿದಂತೆಯೇ.